ನೋಟಿಸು ಯಾರ ಗೋಡೆಗೆ?

ಮುಂಗಾರು ಕಾಲಿಡುವ ಹೊತ್ತಿಗೆ ನಮ್ಮ ನಗರಪಾಲಿಕೆಗಳಿಗೆ ಹಳೆಯ ಮನೆಗಳ ನೆನಪಾಗುತ್ತದೆ. ಮೇ ಕೊನೆಯ ವಾರದಲ್ಲೋ ಜೂನ್ ಮೊದಲ ವಾರದಲ್ಲೋ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ಶಿಥಿಲ ಕಟ್ಟಡಗಳ ಪಟ್ಟಿ ಸಿದ್ಧ, ಮಾಲೀಕರಿಗೆ ನೋಟಿಸ್. ಊರಿನ ಹೆಸರು, ಕಟ್ಟಡಗಳ ಸಂಖ್ಯೆ ಬದಲಿಸಿದರೆ ಸುದ್ದಿ ಹೋದ ವರ್ಷದ್ದೇ. ಮಳೆ ನಿಂತ ಮೇಲೆ ಆ ಪಟ್ಟಿ ಏನಾಯಿತೆಂದು ಕೇಳುವವರಿಲ್ಲ. ಎಲ್ಲಾದರೂ ಗೋಡೆ ಕುಸಿದು ಯಾರಾದರೂ ಸತ್ತಾಗ ಕೇಳುತ್ತೇವೆ. ಆಗ ಉತ್ತರ ಕಡತದಲ್ಲೇ ಕೂತಿರುತ್ತದೆ: ‘ನಾವು ನೋಟಿಸ್ ಕೊಟ್ಟಿದ್ದೆವು’.

ನೋಟಿಸು ಒಂಥರ ಕೊಡೆಯ ಹಾಗೆ. ಹಿಡಿದವನನ್ನು ನೆನೆಯದಂತೆ ಕಾಯುತ್ತದೆ, ಮಳೆ ನಿಲ್ಲಿಸುವುದಿಲ್ಲ.

ಬೆಂಗಳೂರಿನ ಪೇಟೆಯ ಓಣಿಯೊಂದರಲ್ಲಿ ಅಂಥ ನೋಟಿಸು ಅಂಟಿದ ವಠಾರ ನೋಡಿದ್ದೇನೆ. ಗಾರೆ ಗೋಡೆ, ಮದರಾಸು ತಾರಸಿ. ತೊಲೆಯ ತುದಿಗೆ ಗೆದ್ದಲು ಹಿಡಿದು, ಅದರ ಕೆಳಗೆ ಯಾರೋ ಕಬ್ಬಿಣದ ಪೈಪು ಆನಿಸಿ ನಿಲ್ಲಿಸಿದ್ದರು. ಮೋರಿಯ ಕಡೆಯ ಗೋಡೆಯ ಬಿರುಕಿನಲ್ಲಿ ಮೊಳದುದ್ದದ ಅರಳಿ ಗಿಡ. ಮೀಟರ್ ಬೋರ್ಡಿನ ಪಕ್ಕ ಪಾಲಿಕೆಯ ಕಾಗದ. ಮೂರು ಮೂಲೆಗೆ ಅಂಟು ಬಿಟ್ಟು ಒಂದು ಮೂಲೆಯಲ್ಲಿ ಜೋತಾಡುತ್ತಿತ್ತು. ಅದರ ಕೆಳಗೇ ಒಲೆ ಹಚ್ಚಿ ಕೂತಿದ್ದ ಬಾಡಿಗೆದಾರರ ಮನೆಯ ಹಿರಿಯಮ್ಮ ಹೇಳಿದ್ದು: “ಓನರ್ ಅಪ್ಪ ಇದ್ದಾಗ ತಾರಸಿ ಸೋರಿದ್ರೆ ತಾವೇ ಬಂದು ನೋಡೋರು ಸಾರ್. ಮಗ ಈಗ ಬಿರುಕಿನ ಫೋಟೊ ತಗೊಂಡ್ಹೋಗಿ ಪಾಲಿಕೆಗೆ ಕೊಡ್ತಾನೆ. ಒಂದು ಚೀಲ ಸಿಮೆಂಟು ಮಾತ್ರ ತರಲ್ಲ.”

ಹಳೆಯ ಪೇಟೆಗಳಲ್ಲಿ ಇದು ಹೊಸ ಕತೆಯೇನಲ್ಲ. ದಶಕಗಳ ಹಿಂದಿನ ಬಾಡಿಗೆಗೆ ಕೂತವರನ್ನು ಕೋರ್ಟಿನಲ್ಲಿ ಎಬ್ಬಿಸುವುದು ಕಷ್ಟ. ಮನೆ ತಾನಾಗಿ ಬೀಳುವಂತಾದರೆ ಪಾಲಿಕೆಯೇ ಎಬ್ಬಿಸುತ್ತದೆ, ಜಾಗ ಮಾಲೀಕನ ಕೈಗೆ ಬರುತ್ತದೆ. ಮಾಲೀಕರ ಪರವಾಗಿಯೂ ಹೇಳಬೇಕಾದ ಮಾತಿದೆ: ಒಂದು ಹೊತ್ತಿನ ಹೋಟೆಲ್ ಊಟಕ್ಕೂ ಸಾಲದ ತಿಂಗಳ ಬಾಡಿಗೆಯಲ್ಲಿ ತಾರಸಿ ಬದಲಿಸಿ ಎಂದರೆ ಯಾರು ಬದಲಿಸುತ್ತಾರೆ? ಇಬ್ಬರ ಜಗಳದ ನಡುವೆ ಸುರಕ್ಷತೆಯ ಕಾಗದ ತೆರವಿನ ಆಯುಧವಾಗುತ್ತದೆ. ಇದನ್ನು ಕಂಡೇ ಇರಬೇಕು, 2014ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಶಾ ರತನ್ಸಿ ಖೀಮ್ಜಿ ಪ್ರಕರಣದಲ್ಲಿ, ಪಾಲಿಕೆ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆದಾರಿಕೆ ಸಾಯುವುದಿಲ್ಲ ಎಂದಿತು. ಬಾಡಿಗೆಗೆ ಕೊಟ್ಟದ್ದು ಬರೀ ಗೋಡೆ, ಮಾಡು ಅಲ್ಲ, ಕೆಳಗಿನ ನೆಲವೂ ಅದರಲ್ಲಿ ಸೇರಿದೆ ಎಂಬುದು ತೀರ್ಪಿನ ತರ್ಕ. ಈ ತೀರ್ಪು ಬಲ್ಲ ಬಾಡಿಗೆದಾರರು ಬೆರಳೆಣಿಕೆಯಷ್ಟು. ಬಲ್ಲವರೂ ಕೆಡವಿದ ಮನೆಯ ಮೇಲಿನ ಹಕ್ಕು ಹಿಡಿದು ಎಷ್ಟು ವರ್ಷ ಕೋರ್ಟಿಗೆ ಅಲೆದಾರು?

ಕಾನೂನಿನಲ್ಲಿ ಬೀಳುವ ಮನೆ, ನಾರುವ ಚರಂಡಿ ಎರಡೂ ಒಂದೇ ಮನೆತನದವು. ಎರಡಕ್ಕೂ ‘ಸಾರ್ವಜನಿಕ ಉಪದ್ರವ’ವೆಂದೇ ಹೆಸರು. ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ರಸ್ತೆಗೆ ಅಡ್ಡ ನಿಂತದ್ದು, ಆರೋಗ್ಯ ಕೆಡಿಸುವ ವ್ಯಾಪಾರ, ಬೇಲಿಯಿಲ್ಲದ ಬಾವಿ, ಬೀಳುವಂತಿರುವ ಮರ, ಬೀಳುವಂತಿರುವ ಕಟ್ಟಡ ಎಲ್ಲವನ್ನೂ ಒಟ್ಟಿಗೆ ಸೇರಿಸಿ, ತೆಗೆಸುವ ಅಧಿಕಾರವನ್ನು ದಂಡಾಧಿಕಾರಿಗೆ ಕೊಟ್ಟಿತ್ತು. 2024ರ ಜುಲೈ 1ರಿಂದ ಅದೇ ಕಲಂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152 ಎಂಬ ಸಂಖ್ಯೆ ಹೊತ್ತಿದೆ. ಅದನ್ನು ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಬೀಳುವ ಕಟ್ಟಡದಿಂದ ಯಾರಿಗೆ ಅಪಾಯ ಎಂದು ಹೇಳುವಾಗ ಕಲಂ ಎಣಿಸುವುದು ನೆರೆಹೊರೆಯಲ್ಲಿ ವಾಸಿಸುವವರನ್ನು, ಅಲ್ಲಿ ವ್ಯಾಪಾರ ಮಾಡುವವರನ್ನು, ದಾರಿಹೋಕರನ್ನು. ಒಳಗೆ ಮಲಗಿದವರ ಮಾತೇ ಅಲ್ಲಿಲ್ಲ.

ದಂಡದ ಮೊತ್ತದಲ್ಲೂ ಕಾನೂನಿನ ಮನಸ್ಸು ತಿಳಿಯುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 290ನೇ ಕಲಂನಲ್ಲಿ ಸಾರ್ವಜನಿಕ ಉಪದ್ರವಕ್ಕೆ ಗರಿಷ್ಠ ದಂಡ 200 ರೂಪಾಯಿ. ಆ ಕಾಲಕ್ಕೆ ಅದು ಕೂಲಿಯವನ ವರ್ಷದ ದುಡಿಮೆಗೂ ಮಿಕ್ಕ ಹಣ. ಸಂಹಿತೆ ಇದ್ದಷ್ಟು ಕಾಲ ಆ 200 ಕದಲಲಿಲ್ಲ. ಕೊನೆಕೊನೆಗೆ ಉಪದ್ರವ ಮಾಡಿದವನು ಜೇಬಿನ ಚಿಲ್ಲರೆಯಲ್ಲಿ ಕಟ್ಟಿ ಹೋಗಬಹುದಿತ್ತು. ಹೊಸ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂ ಅದನ್ನು 1,000 ರೂಪಾಯಿಗೆ ಏರಿಸಿದೆ. ನೂರ ಅರವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಐದು ಪಟ್ಟು!

ಈ ಕಲಂಗಳಿಗೆ ಜೀವ ತುಂಬಿದ ಊರು ರತ್ಲಾಮ್. ಮಧ್ಯಪ್ರದೇಶದ ಪಶ್ಚಿಮದ ಅಂಚಿನ ಈ ಊರು ರೈಲು ಪ್ರಯಾಣಿಕರಿಗೆ ಜಂಕ್ಷನ್ನಾಗಿ, ಉಳಿದವರಿಗೆ ಖಾರದ ಸೇವಿನಿಂದ ಪರಿಚಯ. ಕಾನೂನು ಓದುವ ಹುಡುಗರಿಗೆ ಮಾತ್ರ ಅದು ಚರಂಡಿಯ ಊರು. ಅಲ್ಲಿನ ನ್ಯೂ ರೋಡ್ ಬಡಾವಣೆಯಲ್ಲಿ ಮದ್ಯಸಾರ ಘಟಕದ ಗಬ್ಬುನೀರು ಬೀದಿಯಲ್ಲೇ ಹರಿಯುತ್ತಿತ್ತು. ಪಕ್ಕದ ಕೊಳೆಗೇರಿಯವರಿಗೆ ಶೌಚಾಲಯವಿರಲಿಲ್ಲ. ತೆರೆದ ಚರಂಡಿಯೇ ಅವರ ಪಾಲಿಗೆ ಅದಾಗಿತ್ತು. ನಿಂತ ನೀರಿನಲ್ಲಿ ಸೊಳ್ಳೆ. ಮನೆಮಂದಿ ಪುರಸಭೆಗೆ ಹೇಳಿ ಹೇಳಿ ಸಾಕಾಗಿ ಕೊನೆಗೆ ಉಪವಿಭಾಗದ ದಂಡಾಧಿಕಾರಿಯ ಮುಂದೆ 133ರ ಅಡಿ ಅರ್ಜಿ ಹಾಕಿದರು. ಎದುರುದಾರ ಸ್ವತಃ ಪುರಸಭೆ.

ಪುರಸಭೆಯ ವಾದ ಇವತ್ತಿಗೂ ಕಿವಿಗೆ ಹೊಸದೆನಿಸುವುದಿಲ್ಲ. ಒಂದು, ದುಡ್ಡಿಲ್ಲ. ಇನ್ನೊಂದು, ಇವರೆಲ್ಲ ಗೊತ್ತಿದ್ದೂ ಗೊತ್ತಿದ್ದೂ ಇಲ್ಲಿ ಮನೆ ಮಾಡಿದವರು, ಈಗ ನಾರುತ್ತದೆ ಎಂದರೆ ಹೇಗೆ? ದಂಡಾಧಿಕಾರಿ ಒಪ್ಪಲಿಲ್ಲ. ಆರು ತಿಂಗಳೊಳಗೆ ಯೋಜನೆ ತಯಾರಿಸಿ ಎಂದು ಆದೇಶಿಸಿದರು. ಸೆಷನ್ಸ್ ಕೋರ್ಟು ಆ ಆದೇಶ ಸರಿಯಿಲ್ಲವೆಂದಿತು, ಹೈಕೋರ್ಟು ಎತ್ತಿಹಿಡಿಯಿತು. ಪುರಸಭೆ ಚರಂಡಿ ಕಟ್ಟುವ ಬದಲು ದೆಹಲಿಯವರೆಗೂ ವಕೀಲರನ್ನಿಟ್ಟು ಹೊಡೆದಾಡಿತು. ದುಡ್ಡಿಲ್ಲ ಎಂದವರಿಗೆ ಅದಕ್ಕೆ ದುಡ್ಡಿತ್ತು.

1980ರ ಜುಲೈ 29ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಬಂತು. ಪೀಠದಲ್ಲಿದ್ದ ಇನ್ನೊಬ್ಬರು ಒ. ಚಿನ್ನಪ್ಪ ರೆಡ್ಡಿ. ಶಾಸನ ಹೊರಿಸಿದ ಕೆಲಸಕ್ಕೆ ಬೊಕ್ಕಸ ಬರಿದೆಂಬುದು ನೆಪವಾಗದು ಎಂದು ಪೀಠ ಹೇಳಿತು. ಎಲ್ಲರೂ ನೆನಪಿಟ್ಟುಕೊಂಡ ಮಾತು ಅದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆದೇಶದ ಒಳಗಿನ ವಿವರ. ಮದ್ಯಸಾರ ಘಟಕದ ನೀರು ಬೀದಿಗೆ ಬಾರದಂತೆ ತಡೆಯಬೇಕು. ಆರು ತಿಂಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಸಾಕಾಗುವಷ್ಟು ಸಾರ್ವಜನಿಕ ಶೌಚಾಲಯ ಕಟ್ಟಿ, ನೀರು ಕೊಟ್ಟು, ಬೆಳಿಗ್ಗೆ ಸಂಜೆ ಚೊಕ್ಕಟ ಮಾಡಿಸಬೇಕು. ಸೊಳ್ಳೆ ಸಾಕುವ ಗುಂಡಿ ಮುಚ್ಚಬೇಕು. ಇಂಜಿನಿಯರುಗಳ ಅಂದಾಜು ಪಟ್ಟಿಗಳನ್ನು ಮುಂದಿಟ್ಟುಕೊಂಡು ಊರಿನ ಕೈಗೆಟುಕುವ ಯೋಜನೆ ಯಾವುದೆಂದು ನೋಡಿದವರೂ ನ್ಯಾಯಮೂರ್ತಿಗಳೇ. ಪಾಲಿಸದಿದ್ದರೆ ಪುರಸಭೆ ಎಂಬ ಹೆಸರಿನ ಹಿಂದೆ ಅಡಗುವಂತಿಲ್ಲ, ಅಧಿಕಾರಿಗಳೂ ಚುನಾಯಿತರೂ ಶಿಕ್ಷೆಗೆ ಗುರಿಯಾದಾರು ಎಂಬ ಎಚ್ಚರಿಕೆಯೂ ಇತ್ತು.

ಬಯಲಿಗೆ ಕೂರುವ ಕೊಳೆಗೇರಿಯವರೇ ಉಪದ್ರವ, ಅವರನ್ನು ಎಬ್ಬಿಸಿ ಎಂದು ಅದೇ ಕಲಂ ಬಳಸಿ ಹೇಳಬಹುದಿತ್ತು. ದೇಶದ ಎಷ್ಟೋ ಊರುಗಳಲ್ಲಿ ಆದದ್ದು ಅದೇ. ರತ್ಲಾಮಿನಲ್ಲಿ ಉಪದ್ರವ ಮಾಡಿದವರು ಬಡವರಲ್ಲ, ಅವರಿಗೆ ಶೌಚಾಲಯ ಕಟ್ಟಿಕೊಡದ ಪುರಸಭೆ ಎಂದಾಯಿತು. ನೋಟಿಸು ದಿಕ್ಕು ಬದಲಿಸಿತು.

ಇದು ಯಾಕೆ ಅಪರೂಪ ಎಂದು ತಿಳಿಯಲು ನಮ್ಮ ಪಾಲಿಕೆಗಳ ಮೈಯಲ್ಲಿ ಇಳಿದಿರುವ ಹಳೆಯ ಅಭ್ಯಾಸ ನೋಡಬೇಕು. ಮನೆಯೊಳಗೆ ನುಗ್ಗಿ ನೋಡುವ, ಗೋಡೆಗೆ ಗುರುತು ಬಳಿಯುವ ಕಲೆ ಇಲ್ಲಿ ಬೇರೂರಿದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಹುಟ್ಟಿಸಿತು. ಮುಂಬೈಯ ಓಣಿಗಳಲ್ಲಿ ಇಂಥ ಮನೆ ಮನುಷ್ಯರ ವಾಸಕ್ಕೆ ತಕ್ಕದ್ದಲ್ಲ ಎಂದು ಗೋಡೆಯ ಮೇಲೆ ‘ಯು.ಎಚ್.ಎಚ್.’ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು ಹೋಗುತ್ತಿದ್ದರು. ಪುಣೆಯಲ್ಲಿ ಸಿಪಾಯಿಗಳು ಅಡುಗೆಮನೆ, ದೇವರಮನೆ ಎನ್ನದೆ ಶೋಧಿಸಿದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ಸಿಕ್ಕಿದ ಡಬ್ಲ್ಯು.ಸಿ. ರ‍್ಯಾಂಡ್ ಆ ಪ್ಲೇಗ್ ಸಮಿತಿಯ ಮುಖ್ಯಸ್ಥ. 1898ರಲ್ಲಿ ಮುಂಬೈ ಸುಧಾರಣಾ ಟ್ರಸ್ಟ್ ಹುಟ್ಟಿ ಕೊಳಕು ಮನೆಗಳನ್ನು ನೆಲಸಮ ಮಾಡಿ ಅಗಲ ರಸ್ತೆ ಮಾಡಿತು. ಎದ್ದುಹೋದವರು ಪಕ್ಕದ ಓಣಿಗಳಲ್ಲಿ ಇನ್ನಷ್ಟು ಒತ್ತಾಗಿ ತುಂಬಿಕೊಂಡರು.

ಅದೇ 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹಿಂಡಿ ಬೆಂಗಳೂರಿಗೂ ಬಂತು. ಪೇಟೆಯ ಗಾಳಿ ಬೆಳಕಿಲ್ಲದ ಮನೆಗಳ ಭಯದಲ್ಲಿ ಬಸವನಗುಡಿ, ಮಲ್ಲೇಶ್ವರಂ ಬೆಳೆದವು. ಈ ಬಡಾವಣೆಗಳ ಹಳೆಯ ರಸ್ತೆಗಳಲ್ಲಿ ಮನೆಗಳ ಹಿತ್ತಿಲು ಹಿತ್ತಿಲಿನ ನಡುವೆ ಈಗಲೂ ಕಾಣುವ ಕಿರುಗಲ್ಲಿ, ನಾವು ‘ಕನ್ಸರ್ವೆನ್ಸಿ’ ಎಂದು ಕರೆಯುವುದು, ಮಲ ಹೊರುವವರು ಮನೆಯ ಮುಂಬಾಗಿಲಿಗೆ ಕಾಣಿಸದಂತೆ ಬಂದು ಹೋಗಲೆಂದು ಬಿಟ್ಟ ಜಾಗ. ಉಳ್ಳವರಿಗೆ ಹೊಸ ಬಡಾವಣೆ, ಅದನ್ನು ತೊಳೆಯುವವರಿಗೆ ಹಿಂದಿನ ಗಲ್ಲಿ: ನಗರ ನೈರ್ಮಲ್ಯದ ನಕ್ಷೆಯನ್ನು ನಾವು ಬರೆದುಕೊಂಡದ್ದು ಹೀಗೆ. ಈಗ ಅವುಗಳಲ್ಲಿ ಹಲವು ಅಕ್ಕಪಕ್ಕದವರ ಕಾರು ಶೆಡ್ಡು, ಸ್ನಾನದ ಮನೆ ಆಗಿವೆ. ಆ ಒತ್ತುವರಿಗೆ ನೋಟಿಸು ಅಂಟಿಸಿದ್ದು ನಾನಂತೂ ಕಂಡಿಲ್ಲ.

‘ವಾಸಕ್ಕೆ ಯೋಗ್ಯವಲ್ಲ’ ಎಂಬ ಮಾತು ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ಅದರ ಅಳತೆಗೋಲು ಈಗ ಗೋಡೆಯ ಬೂಷ್ಟಿನವರೆಗೆ ಇಳಿದಿದೆ. ರೋಚ್‌ಡೇಲ್ ಎಂಬ ಊರಿನ ಬಾಡಿಗೆ ಫ್ಲ್ಯಾಟಿನಲ್ಲಿ ಬೂಷ್ಟಿನ ಗಾಳಿ ಉಸಿರಾಡಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ಸತ್ತಿತು. 2023ರ ಕಾಯ್ದೆಯಲ್ಲಿ ಮಗುವಿನ ಹೆಸರಿನಿಂದಲೇ ಕರೆಯುವ ನಿಯಮ ಸೇರಿತು. ತುರ್ತು ಅಪಾಯವಿದ್ದರೆ ಸಾಮಾಜಿಕ ವಸತಿಯ ಮನೆಯೊಡೆಯ ಸಂಸ್ಥೆ 24 ಗಂಟೆಯೊಳಗೆ ಸರಿಪಡಿಸಬೇಕು. ನಮ್ಮಲ್ಲಿ ಸೋರುವ ಗೋಡೆ, ಕಿಟಕಿಯಿಲ್ಲದ ಕೋಣೆ, ಹತ್ತು ಜನಕ್ಕೊಂದು ಬಚ್ಚಲು ಇರುವ ಪೀಜಿ ಇವೆಲ್ಲ ಯಾವ ಇಂಜಿನಿಯರಿನ ಪಟ್ಟಿಗೂ ಬರುವುದಿಲ್ಲ. ಮನೆ ಬೀಳುವಂತಾದರೆ ಮಾತ್ರ ಅಯೋಗ್ಯ.

ಪುಸ್ತಕದಲ್ಲಿ ಮಾತ್ರ ಹಾಗಿಲ್ಲ. 1973ರ ಕರ್ನಾಟಕ ಕೊಳೆಗೇರಿ ಪ್ರದೇಶಗಳ ಕಾಯ್ದೆ ಹಾಳುಬಿದ್ದ ಮನೆ, ಕಿಕ್ಕಿರಿದ ವಾಸ, ಗಾಳಿ ಬೆಳಕು ನೈರ್ಮಲ್ಯದ ಕೊರತೆ ಇವನ್ನೆಲ್ಲ ವಾಸಯೋಗ್ಯವಲ್ಲದ ಲಕ್ಷಣಗಳೆಂದು ಹೇಳಿ, ಅಂಥ ಜಾಗವನ್ನು ಕೊಳೆಗೇರಿ ಎಂದು ಘೋಷಿಸಲು ಅವಕಾಶ ಕೊಡುತ್ತದೆ. ಹೊರಗಿನವರಿಗೆ ಇದು ಅವಮಾನದ ಬೋರ್ಡಿನಂತೆ ಕಂಡೀತು. ಒಳಗಿನವರು ಮಾತ್ರ ‘ನಮ್ಮ ಏರಿಯಾನ ಸ್ಲಮ್ ಅಂತ ಘೋಷಣೆ ಮಾಡಿ’ ಎಂದು ಅರ್ಜಿ ಹಿಡಿದು ವರ್ಷಗಟ್ಟಲೆ ಕೊಳೆಗೇರಿ ಮಂಡಳಿಯ ಕಚೇರಿ ಸುತ್ತುತ್ತಾರೆ. ಘೋಷಣೆಯಾದರೆ ನಲ್ಲಿ, ದೀಪ, ಕೊನೆಗೊಂದು ಹಕ್ಕುಪತ್ರದ ಆಸೆ. ಆಗದಿದ್ದರೆ ಯಾವ ಬೆಳಿಗ್ಗೆಯಾದರೂ ಜೆಸಿಬಿ ಬರಬಹುದು.

ಪಾಲಿಕೆಯೇ ಮನೆಯೊಡೆಯನಾದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಈಜಿಪುರವಿದೆ. ಆರ್ಥಿಕವಾಗಿ ಹಿಂದುಳಿದವರಿಗೆಂದು 1990ರ ದಶಕದ ಆರಂಭದಲ್ಲಿ ಎದ್ದ ವಸತಿ ಸಮುಚ್ಚಯದ ಬ್ಲಾಕುಗಳು ಒಂದು ತಲೆಮಾರೂ ನಿಲ್ಲಲಿಲ್ಲ. 2007ರಲ್ಲಿ ಕುಸಿದ ಮೇಲೆ ಉಳಿದವೂ ಅಪಾಯಕಾರಿ ಎಂದಾಯಿತು. ನಿವಾಸಿಗಳು ತಗಡಿನ ಶೆಡ್ಡುಗಳಿಗೆ ಬಂದರು. 2013ರ ಜನವರಿಯಲ್ಲಿ ಆ ಶೆಡ್ಡುಗಳನ್ನೂ ಪೊಲೀಸ್ ಕಾವಲಿನಲ್ಲಿ ಕೆಡವಲಾಯಿತು. ಜಾಗದ ಒಂದು ಪಾಲಿನಲ್ಲಿ ಮಾಲ್ ಕಟ್ಟುವ ಖಾಸಗಿ ಸಹಭಾಗಿತ್ವದ ಯೋಜನೆ ಅಷ್ಟರಲ್ಲಿ ಸಿದ್ಧವಾಗಿತ್ತು. ಕಳಪೆ ಮನೆ ಕಟ್ಟಿದ್ದಕ್ಕೆ ಯಾರ ಗೋಡೆಗೆ ನೋಟಿಸು ಅಂಟಬೇಕಿತ್ತು?

ಇನ್ನು, ಕೊಟ್ಟ ನೋಟಿಸು ಯಾಕೆ ಕೆಲಸ ಮಾಡುವುದಿಲ್ಲ ಎಂಬುದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಸಂಕೀರ್ಣ ಕುಸಿದು 19 ಜನ ಸತ್ತರು. ಮೇಲೆ ಕೆಲಸ ನಡೆಯುತ್ತಿರುವಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದವು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೊಂದು ಕಟ್ಟಡ ಮಳೆಯ ನಡುವೆ ಮಗುಚಿ 9 ಕಾರ್ಮಿಕರು ಹೋದರು. ಅಲ್ಲಿ ನೋಟಿಸು ಕೊಟ್ಟು ಮುಂದಿನ ಕ್ರಮ ಕೈಗೊಳ್ಳಲಿಲ್ಲವೆಂದು ಪಾಲಿಕೆಯ ಇಂಜಿನಿಯರೊಬ್ಬರು ಅಮಾನತಾದರು.

ನೋಟಿಸಿನಿಂದ ಜೆಸಿಬಿಯವರೆಗಿನ ದಾರಿ ಉದ್ದ. ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ ಕಾರಣ ಕೇಳುವ ನೋಟಿಸು, ಉತ್ತರ ಬಂದ ಮೇಲೆ ಸ್ಥಿರೀಕರಣ, ಅದರ ಮೇಲೆ ಮೇಲ್ಮನವಿ, ಜೊತೆಗೊಂದು ತಡೆಯಾಜ್ಞೆ. ಈ ಒಂದೊಂದು ಮೆಟ್ಟಿಲಿಗೂ ಕಟ್ಟಡದಲ್ಲಿ ಒಂದೊಂದು ಮಹಡಿ ಏರುತ್ತದೆ. ಕೇಬಲ್ ಎಳೆದು, ನೀರಿನ ಸಂಪರ್ಕ ಪಡೆದು, ಬಾಡಿಗೆದಾರರನ್ನು ಕೂರಿಸಿದ ಮೇಲೆ ಅಧಿಕಾರಿ ಬಂದರೆ ‘ಪಾಪ, ಒಳಗೆ ಸಂಸಾರಗಳಿವೆ’ ಎಂಬ ಉತ್ತರ ಕಾದಿರುತ್ತದೆ. ಕೆಳಹಂತದ ಇಂಜಿನಿಯರಿಗೆ ನೋಟಿಸು ಕೊಟ್ಟದ್ದಷ್ಟೇ ಸಾಕ್ಷಿ. ಮುಂದಕ್ಕೆ ಹೋದರೆ ವಾರ್ಡಿನ ಪುಢಾರಿಯಿಂದ ಫೋನು, ಹೋಗದಿದ್ದರೆ ಅಮಾನತು. ಎರಡರ ನಡುವೆ ಆತ ಕಾಗದ ಅಂಟಿಸಿ ಫೋಟೊ ತೆಗೆದು ಕಡತಕ್ಕೆ ಸೇರಿಸುತ್ತಾನೆ. ಬೆಂಗಳೂರಿನಲ್ಲಿ ಈಗ ಬಿಬಿಎಂಪಿ ಇಲ್ಲ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು. ಬೋರ್ಡು ಬದಲಾಯಿತು, ಇಂಜಿನಿಯರಿನ ಇಕ್ಕಟ್ಟು ಹಾಗೇ ಇದೆ.

ಹಾಗೆಂದು ಈ ಮೆಟ್ಟಿಲುಗಳನ್ನೆಲ್ಲ ಕಿತ್ತುಹಾಕಿ ಎನ್ನಲು ಬಾಯಿ ಬಾರದು. 1981ರಲ್ಲಿ ಮುಂಬೈಯ ಪಾದಚಾರಿ ಮಾರ್ಗದ ಗುಡಿಸಲುಗಳನ್ನು ಎಬ್ಬಿಸಲು ಹೊರಟಾಗ ಪಾಲಿಕೆಯ ಕೈಯಲ್ಲಿ ನೋಟಿಸಿಲ್ಲದೆ ತೆಗೆಯುವ ಅಧಿಕಾರವಿತ್ತು. ಸುಪ್ರೀಂ ಕೋರ್ಟಿನ 1985ರ ಓಲ್ಗಾ ಟೆಲ್ಲಿಸ್ ತೀರ್ಪು ಗುಡಿಸಲಿನವರಿಗೆ ಉಳಿಯುವ ಹಕ್ಕನ್ನು ಕೊಡಲಿಲ್ಲ, ಅವರ ಮಾತು ಕೇಳದೆ ಎಬ್ಬಿಸುವುದು ಸಾಮಾನ್ಯ ರೂಢಿಯಾಗಬಾರದು ಎಂದು ಮಾತ್ರ ಹೇಳಿತು. ಅದೇ ಕೋರ್ಟಿನ 2024ರ ನವೆಂಬರ್ 13ರ ಬುಲ್ಡೋಜರ್ ತೀರ್ಪು ಇನ್ನೂ ಬಿಗಿ: ಕನಿಷ್ಠ 15 ದಿನಗಳ ನೋಟಿಸು, ಅದೂ ನೋಂದಾಯಿತ ಅಂಚೆಯಲ್ಲಿ ಹೋಗಬೇಕು, ಕಟ್ಟಡದ ಮೇಲೂ ಅಂಟಬೇಕು. ಹಿಂದಿನ ತಾರೀಕು ಹಾಕಿ ವಂಚಿಸದಂತೆ ಜಿಲ್ಲಾಧಿಕಾರಿಗೆ ಇ–ಮೇಲ್ ಹೋಗಬೇಕು. ರಸ್ತೆ, ರೈಲು ಹಳಿ, ನದಿ, ಕೆರೆಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆಯಿಲ್ಲ. 2016ರ ಆಗಸ್ಟಿನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ಎಂದು ಮನೆಗಳು ನೆಲಕ್ಕುರುಳಿದಾಗ ಮನೆಯವರ ಕೈಯಲ್ಲಿ ಖಾತಾ, ನಕ್ಷೆ ಮಂಜೂರಾತಿ, ಬ್ಯಾಂಕ್ ಸಾಲದ ಕಾಗದ ಎಲ್ಲ ಇದ್ದವು. ಮಂಜೂರಾತಿಗೆ ಸಹಿ ಹಾಕಿದ್ದೂ ಪಾಲಿಕೆ, ಜೆಸಿಬಿ ಕಳಿಸಿದ್ದೂ ಪಾಲಿಕೆ.

ಕಸದ ವಿಷಯಕ್ಕೆ ಬಂದರೆ ನಮ್ಮ ಪಾಲಿಕೆಗಳು ಬೇರೆಯೇ ಅವತಾರ ತಾಳುತ್ತವೆ. ರಸ್ತೆ ಮೂಲೆಯ ಬ್ಲ್ಯಾಕ್ ಸ್ಪಾಟಿನಲ್ಲಿ ಬೆಳಗಿನ ಜಾವ ಪೌರಕಾರ್ಮಿಕರು ಗುಡಿಸಿ, ರಂಗೋಲಿ ಬಿಡಿಸಿ, ಎರಡು ಕುಂಡ ಇಡುತ್ತಾರೆ. ಮರುದಿನ ಕುಂಡದ ಪಕ್ಕ ಚೀಲಗಳು. ಉಚ್ಚೆ ಹೊಯ್ಯುವ ಕಾಂಪೌಂಡಿಗೆ ಗಣೇಶ, ಏಸು, ಮೆಕ್ಕಾದ ಟೈಲ್ಸು ಒಟ್ಟಿಗೆ ಕೂರಿಸಿರುವುದನ್ನು ನೋಡಿದರೆ, ಕಾನೂನು ಕೈಬಿಟ್ಟ ಕಡೆ ದೇವರನ್ನು ಕಾವಲಿಗಿಟ್ಟಿದ್ದಾರೆ ಎನಿಸುತ್ತದೆ. 2025ರ ಅಕ್ಟೋಬರ್ ಕೊನೆಗೆ ಬೆಂಗಳೂರಿನ ಘನತ್ಯಾಜ್ಯ ಸಂಸ್ಥೆ ‘ಕಸ ಸುರಿಯುವ ಹಬ್ಬ’ ಮಾಡಿತು. ರಸ್ತೆಗೆ ಕಸ ಎಸೆದವರ ಮನೆ ಪತ್ತೆಮಾಡಿ ಅವರ ಬಾಗಿಲ ಮುಂದೆಯೇ ಕಸ ಸುರಿದು ದಂಡ ಹಾಕಿದ್ದು. ಜನ ಚಪ್ಪಾಳೆ ತಟ್ಟಿದರು, ನನಗೂ ಒಂದು ಕ್ಷಣ ಖುಷಿಯಾಯಿತು. ಉಪದ್ರವವನ್ನು ಉಪದ್ರವದಿಂದ ತೆಗೆಯುವ ಈ ಉಪಾಯ ಆಟೊ ಟಿಪ್ಪರ್ ಹೊತ್ತಿಗೆ ಬಾರದ ಬೀದಿಗಳಲ್ಲಿ ಯಾರ ಬಾಗಿಲಿಗೆ ಹೋಗಬೇಕು ಎಂಬುದು ಆಮೇಲೆ ಹೊಳೆಯಿತು.

ಉಪದ್ರವ ತೆಗೆಸುವ ಆ 152ನೇ ಕಲಂ ಇಂಥ ಕಡೆ ಬಳಕೆಗೆ ಬರುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಆ ಅಧಿಕಾರ ಇರುವುದು ಉಪವಿಭಾಗಾಧಿಕಾರಿಗೆ, ಜನ ಎಸಿ ಸಾಹೇಬರು ಎನ್ನುವವರಿಗೆ. ಪೊಲೀಸ್ ವರದಿಯೇ ಬೇಕೆಂದಿಲ್ಲ, ಬೇರೆ ಯಾವ ಮಾಹಿತಿಯ ಮೇಲೂ ಅವರು ಷರತ್ತಿನ ಆದೇಶ ಹೊರಡಿಸಬಹುದು. ಎದುರುದಾರ ಬಂದು ಕಾರಣ ಹೇಳದಿದ್ದರೆ ಆದೇಶ ಖಾಯಂ. ಪಾಲಿಸದಿದ್ದರೆ ತಾವೇ ಕೆಲಸ ಮಾಡಿಸಿ ಖರ್ಚು ವಸೂಲು ಮಾಡಬಹುದು. ಕ್ರಮಬದ್ಧವಾಗಿ ಹೊರಟ ಆ ಆದೇಶವನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು ಕಲಂನಲ್ಲೇ ಇದೆ. ಪಾಲಿಕೆಯ ನೋಟಿಸನ್ನು ನುಂಗುವ ಸ್ಟೇ ಇಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಆದರೂ ಎಸಿ ಕಚೇರಿಗಳಲ್ಲಿ ಜನ ಹೆಚ್ಚಾಗಿ ಜಮೀನಿನ ಮೇಲ್ಮನವಿಗಳ ತಾರೀಕಿಗೆ ಕೂತಿರುತ್ತಾರೆ, ಚರಂಡಿಯ ಅರ್ಜಿ ಹಿಡಿದವರು ಕಾಣುವುದು ಅಪರೂಪ. ಬಂದರೂ ಬಹುತೇಕ ಪಕ್ಕದ ಮನೆಯವರ ಹಂದಿಗೂಡು, ಎದುರು ಮನೆಯವರ ತೆಂಗಿನಮರದ ತಕರಾರು. ಅರ್ಜಿಯಲ್ಲಿ ಎದುರುದಾರರು ಎಂಬ ಕಡೆ ‘ಆಯುಕ್ತರು, ಮಹಾನಗರ ಪಾಲಿಕೆ’ ಎಂದೂ ಬರೆಯಬಹುದು.